ಕೈಯಲ್ಲಿ ಸುಮ್ಮನಿರುತ್ತಿದ್ದ ಹಾವು ಈಗ ಬುಸುಗುಡುತ್ತಿದೆ, ಯಾಕೆ?

ಪ್ರಶ್ನೆ: ನಮ್ಮೂರು ಹಾಸನದ ಹತ್ತಿರ. ಈಗ ಇರುವುದು ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಪಕ್ಕದಲ್ಲಿ. ನನ್ನ ಮಗನಿಗೆ 11 ವರ್ಷ. ಅವನ ಹಟಕ್ಕೆ ಮಣಿದು ಸೆಪ್ಟೆಂಬರಿನಲ್ಲಿ ಒಂದು ಬಾಲ್ ಪೈಥಾನ್ ಮರಿ ತಂದೆವು. ಈಗ ಎರಡೂವರೆ ಅಡಿ ಇದೆ. ಮೊದಮೊದಲು ಎಷ್ಟು ಹೊತ್ತು ಹಿಡಿದುಕೊಂಡರೂ ಅಲ್ಲಾಡುತ್ತಿರಲಿಲ್ಲ. ಮಗ ಸ್ಕೂಲಿನಿಂದ ಬಂದವನೇ ಅದನ್ನು ಕುತ್ತಿಗೆಗೆ ಹಾಕಿಕೊಂಡು ಒಂದು ಗಂಟೆ ವಿಡಿಯೊ ಗೇಮ್ ಆಡುತ್ತಿದ್ದ. “ಅಮ್ಮಾ, ಇದಕ್ಕೆ ನಾನಂದ್ರೆ ಇಷ್ಟ, ತಬ್ಬಿಕೊಳ್ಳುತ್ತೆ” ಅನ್ನುತ್ತಿದ್ದ. ಒಂದು ತಿಂಗಳಿಂದ ಗಾಜಿನ ತೊಟ್ಟಿಯ ಮುಚ್ಚಳ ತೆಗೆದರೆ ಸಾಕು, ಬುಸುಗುಡುತ್ತದೆ. ಎರಡು ಸಲ ಎಗರಿತು. ಒಂದು ಸಲ ಬೆರಳಿಗೆ ಹಲ್ಲು ತಾಗಿ ರಕ್ತ ಬಂತು. ಹೇಗೋ ಕೈಗೆ ತೆಗೆದುಕೊಂಡರೆ ಮಣಿಕಟ್ಟನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತದೆ. ಐದು ವಾರದಿಂದ ಇಲಿ ಮುಟ್ಟಿಲ್ಲ. ಊರಿಂದ ಬಂದಿರುವ ನಮ್ಮತ್ತೆ “ಅದು ಹಗೆ ಇಟ್ಟುಕೊಂಡಿದೆ, ಎಲ್ಲಾದರೂ ಕಾಡಿಗೆ ಬಿಟ್ಟು ಬನ್ನಿ” ಅನ್ನುತ್ತಾರೆ. ಆಫೀಸಿನ ಗೆಳತಿ ಹೇಳಿದ್ದು ಇನ್ನೂ ಭಯ ಹುಟ್ಟಿಸಿತು. ಸಾಕಿದ ಹೆಬ್ಬಾವು ಊಟ ಬಿಟ್ಟು ಮೈಮೇಲೆ ಉದ್ದಕ್ಕೆ ಮಲಗಿದರೆ ನುಂಗಲು ಅಳತೆ ತೆಗೆಯುತ್ತಿದೆ ಅಂತ ಅರ್ಥವಂತೆ. ಮನೆಯಲ್ಲಿ 3 ವರ್ಷದ ಮಗಳೂ ಇದ್ದಾಳೆ. ತೊಟ್ಟಿ ಇರುವುದು ಮಗನ ರೂಮಿನಲ್ಲಿ, ಟಿವಿ ಪಕ್ಕ. ಮೇಲೊಂದು ಬಿಸಿ ಲ್ಯಾಂಪು, ಒಳಗೆ ಅಡಗಲು ಒಂದು ಮರದ ಗೂಡು ಇದೆ. ಏನು ಮಾಡಲಿ?

ಉತ್ತರ: ನಾನು ಸರೀಸೃಪಗಳಿಗೆ ಚಿಕಿತ್ಸೆ ಕೊಡುವ ಪಶುವೈದ್ಯೆ. ನಿಮ್ಮಂಥ ಪ್ರಶ್ನೆ ಹೊತ್ತು ಬರುವ ಅಪ್ಪ ಅಮ್ಮಂದಿರನ್ನು ಕ್ಲಿನಿಕ್ಕಿನಲ್ಲಿ ಆಗಾಗ ನೋಡುತ್ತೇನೆ. ಮೊದಲು ಪ್ರೀತಿಯಿಂದ ಇದ್ದ ಹಾವು ಈಗ ತಿರುಗಿಬಿದ್ದಿದೆ, ನಾಳೆ ಮಕ್ಕಳಿಗೆ ಏನಾದರೂ ಮಾಡೀತು ಅನ್ನುವುದು ನಿಮ್ಮ ಆತಂಕ, ಅಲ್ವಾ? ಮುಖ್ಯವಾದ ಮಾತನ್ನು ಮೊದಲೇ ಹೇಳುತ್ತೇನೆ. ನಿಮ್ಮ ಹಾವಿನ ಮನಸ್ಸು ಬದಲಾಗಿಲ್ಲ. ಅದು ಸೆಪ್ಟೆಂಬರಿನಲ್ಲೂ ಹೆದರಿತ್ತು, ಈಗಲೂ ಹೆದರಿದೆ. ಆಗ ಅಲುಗಾಡದೆ ಕೂತು ಆ ಭಯವನ್ನು ತೋರಿಸುತ್ತಿತ್ತು. ಈಗ ಬುಸುಗುಟ್ಟಿ ತೋರಿಸುತ್ತಿದೆ.

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಘಾನಾ, ಟೋಗೊ, ಬೆನಿನ್ ದೇಶಗಳ ಹುಲ್ಲುಗಾವಲು, ಹೊಲಗಳ ಅಂಚು ಅದರ ನೆಲೆ. ಹಗಲಿಡೀ ಇಲಿಯ ಬಿಲದಲ್ಲೋ ಹುತ್ತದಲ್ಲೋ ಅಡಗಿರುತ್ತದೆ. ಕತ್ತಲಾದ ಮೇಲೆ ಹೊರಬರುತ್ತದೆ. ನಮ್ಮ ಕಾಡುಗಳ ಹೆಬ್ಬಾವಿಗೆ ಇದು ದಾಯಾದಿ. ಆದರೆ ಗಾತ್ರದಲ್ಲಿ ಬಹಳ ಚಿಕ್ಕದು. ಗಂಡು ಮೂರು ಮೂರೂವರೆ ಅಡಿಗೆ ನಿಲ್ಲುತ್ತದೆ, ಹೆಣ್ಣು ನಾಲ್ಕರಿಂದ ಐದು ಅಡಿ ಬೆಳೆಯುತ್ತದೆ. ಅಲ್ಲಿ ಇದನ್ನು ಹಿಡಿದು ತಿನ್ನುವವರು ಬಹಳ. ಹದ್ದುಗಳು, ಬೇರೆ ದೊಡ್ಡ ಹಾವುಗಳು, ಕಾಡುಬೆಕ್ಕಿನಂಥ ಪ್ರಾಣಿಗಳು. ಓಡಿ ತಪ್ಪಿಸಿಕೊಳ್ಳುವ ವೇಗ ಇದಕ್ಕಿಲ್ಲ. ವಿಷವೂ ಇಲ್ಲ.

ಹಾಗಾಗಿ ಅಪಾಯ ಕಂಡಾಗ ಅದು ಮೊದಲು ಮಾಡುವ ಕೆಲಸ ಅಲುಗಾಡದೆ ಇರುವುದು. ಅದರಿಂದ ಆಗದಿದ್ದರೆ ಮೈಯನ್ನು ಉಂಡೆ ಮಾಡಿ ತಲೆಯನ್ನು ನಡುವೆ ಬಚ್ಚಿಡುತ್ತದೆ. ಅದಕ್ಕೂ ಬಗ್ಗದಿದ್ದರೆ ಉಸಿರು ತುಂಬಿ ಬುಸುಗುಡುತ್ತದೆ. ಕಚ್ಚುವುದು ಕೊನೆಗೆ. ಕಚ್ಚುವಾಗಲೂ ಹೆಚ್ಚಾಗಿ ಮುಟ್ಟಿ ಬಿಟ್ಟುಬಿಡುತ್ತದೆ.

ಮೊದಲ ವಾರಗಳಲ್ಲಿ ನಿಮ್ಮ ಮಗನ ಕುತ್ತಿಗೆ ಮೇಲೆ ಇದ್ದದ್ದು ಆ ಮೊದಲ ಹಂತದ ಹಾವು. ಹೊಸ ಮನೆ, ಹೊಸ ವಾಸನೆ, ಮೇಲಿಂದ ಇಳಿದು ಬರುವ ದೊಡ್ಡ ಕೈ. ಮೈ ಮರಗಟ್ಟಿದ ಹಾಗೆ ಕೂತಿತ್ತು. ಅದು ಸುಖವಾಗಿದೆ ಅಂತ ನೀವು ತಿಳಿದದ್ದು ಸಹಜ. ನಾಯಿ ಹೆದರಿದರೆ ನಮಗೆ ಗೊತ್ತಾಗುತ್ತದೆ. ಬಾಲ ಮುದುರುತ್ತದೆ, ಕುಂಯ್‌ಗುಡುತ್ತದೆ. ಹಾವಿಗೆ ಮುಖಭಾವ ಇಲ್ಲ, ರೆಪ್ಪೆ ಇಲ್ಲ, ದನಿಯೂ ಇಲ್ಲ. ಸುಮ್ಮನಿರುವ ಹಾವನ್ನು ಒಳ್ಳೆಯ ಹಾವು ಅಂತ ಅಂಗಡಿಯವರೂ ಹೇಳುತ್ತಾರೆ, ವಿಡಿಯೊಗಳಲ್ಲೂ ತೋರಿಸುತ್ತಾರೆ. ನನಗೆ ಇದೇ ಜಾಸ್ತಿ ಸಂಕಟದ ವಿಷಯ. ಹಾವಿನ ಅತ್ಯಂತ ಸೌಮ್ಯವಾದ ‘ಬೇಡ’ ನಮ್ಮ ಕಣ್ಣಿಗೆ ‘ಬೇಕು’ ಅನ್ನುವ ಹಾಗೆ ಕಾಣುತ್ತದೆ.

ಹಾಗಾದರೆ ಈಗ ಬುಸುಗುಡುವುದು ಯಾಕೆ? ಅದು ಪಾಠ ಕಲಿತಿದೆ. ಸುಮ್ಮನಿದ್ದಾಗ ಏನೂ ಆಗಲಿಲ್ಲ. ಕೈ ಬಂತು, ಎತ್ತಿತು, ಒಂದು ಗಂಟೆ ಬಿಡಲಿಲ್ಲ. ಒಂದು ದಿನ ಬುಸುಗುಟ್ಟಿತು. ಕೈ ತಟ್ಟನೆ ಹಿಂದೆ ಹೋಯಿತು. ಬುಸುಗುಟ್ಟಿದರೆ ಕೈ ಹೋಗುತ್ತದೆ ಅಂತ ಅದಕ್ಕೆ ಗೊತ್ತಾಯಿತು. ಇದರಲ್ಲಿ ಸಿಟ್ಟಿಲ್ಲ, ದುಷ್ಟತನವೂ ಇಲ್ಲ. ಯಾವ ಪ್ರಾಣಿಯಾದರೂ ಹೀಗೇ ಕಲಿಯುತ್ತದೆ.

ಇನ್ನು ನಿಮ್ಮತ್ತೆಯವರ ಮಾತು. ಹಾವು ಹನ್ನೆರಡು ವರ್ಷ ಹಗೆ ಸಾಧಿಸುತ್ತದೆ ಅನ್ನುವುದನ್ನು ನಾವೆಲ್ಲ ಕೇಳಿಯೇ ಬೆಳೆದವರು. ಇಂಥವರು ನನಗೆ ಕೆಟ್ಟದ್ದು ಮಾಡಿದರು, ಸಮಯ ನೋಡಿ ತೀರಿಸಿಕೊಳ್ಳಬೇಕು ಅನ್ನುವ ಯೋಚನೆ ಹಾವಿಗೆ ಸಾಧ್ಯವಿಲ್ಲ. ಆದರೆ ಅವರ ಮಾತಿನಲ್ಲಿ ಒಂದು ಎಳೆ ನಿಜವೂ ಇದೆ. ಹಾವಿಗೆ ನೆನಪು ಇದೆ. ಈ ವಾಸನೆ, ಈ ಬೆಳಕು, ಮುಚ್ಚಳ ಸರಿಯುವ ಈ ಅದುರು, ಇದಾದ ಮೇಲೆ ಭಯ ಬರುತ್ತದೆ ಅನ್ನುವ ನಂಟು ಅದರಲ್ಲಿ ಉಳಿಯುತ್ತದೆ. ಭಯದ ನಂಟು ಉಳಿಯುವ ಹಾಗೆಯೇ ಭಯ ಇಲ್ಲ ಅನ್ನುವ ನಂಟೂ ನಿಧಾನವಾಗಿ ಕೂಡಿಕೊಳ್ಳುತ್ತದೆ. ನಿಮ್ಮ ಸಮಸ್ಯೆಗೆ ದಾರಿ ಇರುವುದೇ ಅಲ್ಲಿ. ಅತ್ತೆಯವರಿಗೆ ಇನ್ನೊಂದು ಮಾತು ಹೇಳಿ. ಹೆಡೆ ಬಿಚ್ಚಿದ ನಾಗರಹಾವನ್ನು ಸಿಟ್ಟಿನ ಗುರುತು ಅಂತ ನಾವು ನೋಡುತ್ತೇವೆ. ಅದೂ ಹೆದರಿಕೆಯೇ. ‘ನಾನು ದೊಡ್ಡವನು, ಹತ್ತಿರ ಬರಬೇಡ’ ಅಂತ ಅದು ಕೇಳಿಕೊಳ್ಳುತ್ತಿರುತ್ತದೆ.

ಅಳತೆ ತೆಗೆಯುವ ಕಥೆಗೆ ಯಾವ ಆಧಾರವೂ ಇಲ್ಲ. ಈ ಕಥೆ ಎಷ್ಟೋ ದೇಶಗಳಲ್ಲಿ, ಎಷ್ಟೋ ಭಾಷೆಗಳಲ್ಲಿ ಓಡಾಡುತ್ತಿದೆ. ಯಾವಾಗಲೂ ಯಾರದೋ ಗೆಳೆಯನ ಗೆಳೆಯನಿಗೆ ಆದದ್ದು ಅಂತಲೇ ಹೇಳುತ್ತಾರೆ. ಹೆಬ್ಬಾವಿನ ಜಾತಿಯವು ಹೊಂಚು ಹಾಕಿ ಬೇಟೆಯಾಡುತ್ತವೆ. ಬೇಟೆ ಹತ್ತಿರ ಬರುವುದು, ಎಗರುವುದು, ಸುತ್ತಿಕೊಳ್ಳುವುದು, ಎಲ್ಲ ಕ್ಷಣದಲ್ಲಿ ಮುಗಿಯುತ್ತದೆ. ಪಕ್ಕದಲ್ಲಿ ಮಲಗಿ ಉದ್ದ ನೋಡುತ್ತಾ ಕೂತರೆ ಇಲಿ ಓಡಿಹೋಗುತ್ತದೆ. ಹಾವು ಮೈಮೇಲೆ ಉದ್ದಕ್ಕೆ ಚಾಚಿದರೆ ಅದಕ್ಕೆ ಅಲ್ಲಿ ಬೆಚ್ಚಗಿದೆ, ಅಷ್ಟೇ. ಅಲ್ಲದೆ ಬಾಲ್ ಪೈಥಾನಿನ ಬಾಯಿಗೆ ಇಲಿಯೋ ಹೆಗ್ಗಣದ ಮರಿಯೋ ಹಿಡಿಸುತ್ತದೆ. ಪೂರ್ತಿ ಬೆಳೆದ ಮೇಲೂ ಅದಕ್ಕೆ ಮಗುವನ್ನು ನುಂಗಲು ಆಗದು. ಈ ಭಯವನ್ನು ಪೂರ್ತಿ ಬಿಟ್ಟುಬಿಡಿ.

ಮಣಿಕಟ್ಟು ಬಿಗಿಯುವುದು ಮತ್ತೆ ಬೇರೆ ವಿಷಯ. ಅದು ಅಪ್ಪುಗೆಯೂ ಅಲ್ಲ, ಕೊಲ್ಲುವ ಹಿಡಿತವೂ ಅಲ್ಲ. ಕೈಕಾಲಿಲ್ಲದ ಪ್ರಾಣಿಗೆ ಬೀಳದೆ ಇರಲು ಇರುವ ಒಂದೇ ಉಪಾಯ ಸುತ್ತಿ ಹಿಡಿಯುವುದು. ಮಗ ಕೈ ಆಡಿಸಿದಷ್ಟೂ ಅದು ಬಿಗಿಯುತ್ತದೆ. ಬೇಟೆಯ ಹಿಡಿತ ಕಚ್ಚಿ ಹಿಡಿದ ಮೇಲೆ ಬರುತ್ತದೆ, ಅದಕ್ಕೆ ಬೇರೆಯದೇ ಕ್ರಮ ಇದೆ. 2012ರಲ್ಲಿ ಅಮೆರಿಕದ ಡಿಕಿನ್ಸನ್ ಕಾಲೇಜಿನ ಸಂಶೋಧಕರು ಸತ್ತ ಇಲಿಗಳೊಳಗೆ ಕೃತಕ ಹೃದಯ ಇಟ್ಟು, ಹೆಬ್ಬಾವಿನಂತೆಯೇ ಬೇಟೆಯನ್ನು ಸುತ್ತಿ ಕೊಲ್ಲುವ ಬೋವಾ ಹಾವುಗಳಿಗೆ ಕೊಟ್ಟು ನೋಡಿದರು. ಬಡಿತ ಇರುವಷ್ಟು ಹೊತ್ತು ಹಾವು ಬಿಗಿಯುತ್ತಾ ಹೋಯಿತು, ಬಡಿತ ನಿಂತ ಮೇಲೆ ಸಡಿಲಿಸಿತು. ಬೇಟೆಯಾಡುವಾಗ ಹಾವಿನ ಗಮನ ಅಷ್ಟು ಸೂಕ್ಷ್ಮವಾಗಿ ಬೇಟೆಯ ಮೇಲೆ ಇರುತ್ತದೆ. ನಿಮ್ಮ ಮಗನ ಮಣಿಕಟ್ಟಿನಲ್ಲಿ ನಡೆಯುತ್ತಿರುವುದು ಆ ಕೆಲಸ ಅಲ್ಲ. ಬಿಡಿಸಬೇಕಾದರೆ ತಲೆ ಕಡೆಯಿಂದ ಎಳೆಯಬೇಡಿ. ಬಾಲದ ತುದಿಯಿಂದ ಒಂದೊಂದೇ ಸುತ್ತು ಬಿಚ್ಚಿ. ಸಲೀಸಾಗಿ ಬರುತ್ತದೆ.

ಈಗ ಹಾವನ್ನು ಓದುವುದು ಹೇಗೆ ಅಂತ ನೋಡೋಣ. ಇದನ್ನು ಮಗನ ಜೊತೆ ಕೂತು ಓದಿ.

ನಾಲಿಗೆಯಿಂದ ಶುರು ಮಾಡಿ. ಹಾವು ನಾಲಿಗೆ ಚಾಚುವುದು ಬೆದರಿಸಲು ಅಲ್ಲ, ವಾಸನೆ ಹಿಡಿಯಲು. ಗಾಳಿಯಲ್ಲಿನ ಕಣಗಳನ್ನು ಹಿಡಿದು ಬಾಯಿಯ ಮೇಲ್ಭಾಗದಲ್ಲಿರುವ ಜಾಕಬ್ಸನ್ ಅಂಗಕ್ಕೆ ಮುಟ್ಟಿಸುತ್ತದೆ. ನಾಲಿಗೆ ಸೀಳಿರುವುದರಿಂದ ವಾಸನೆ ಎಡದಿಂದ ಬಂತೋ ಬಲದಿಂದ ಬಂತೋ ಅನ್ನುವುದೂ ತಿಳಿಯುತ್ತದೆ. ಕೈಮೇಲೆ ನಿಧಾನವಾಗಿ ಹರಿಯುತ್ತಾ, ಆಗಾಗ ನಿಂತು, ನಾಲಿಗೆಯನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸುವ ಹಾವು ಸುತ್ತಲಿನದನ್ನು ತಿಳಿದುಕೊಳ್ಳುತ್ತಿದೆ. ಇದು ಒಳ್ಳೆಯ ಲಕ್ಷಣ. ನಾಲಿಗೆ ಪೂರ್ತಿ ನಿಂತುಹೋಗಿ, ಮೈ ಬಿರುಸಾಗಿ, ಮುಟ್ಟಿದರೆ ಬೆಚ್ಚಿಬಿದ್ದರೆ ಅದು ಹೆದರಿ ಮರಗಟ್ಟಿದೆ. ನಿಮ್ಮ ಮಗನಿಗೆ ಕೇಳಿ ನೋಡಿ, ಗೇಮ್ ಆಡುವಾಗ ಕುತ್ತಿಗೆ ಮೇಲಿನ ಹಾವು ನಾಲಿಗೆ ಚಾಚುತ್ತಿತ್ತೇ ಅಂತ. ಬಹುಶಃ ಅವನು ನೋಡಿರಲಿಕ್ಕಿಲ್ಲ, ಕಣ್ಣು ಪರದೆ ಮೇಲಿತ್ತು.

ಕುತ್ತಿಗೆ ಇಂಗ್ಲಿಷಿನ ಎಸ್ ಅಕ್ಷರದ ಆಕಾರಕ್ಕೆ ಹಿಂದೆ ಸರಿದು, ತಲೆ ನಿಮ್ಮ ಕೈ ಹೋದ ಕಡೆಗೇ ತಿರುಗುತ್ತಿದ್ದರೆ ಎಗರಲು ಸಿದ್ಧವಾಗಿದೆ. ಪಕ್ಕೆಗಳು ಜೋರಾಗಿ ಉಬ್ಬಿ ಇಳಿಯುತ್ತಿದ್ದರೆ ಒಳಗೆ ಗಾಬರಿ ಇದೆ. ಕೈಯಿಂದ ಕೈಗೆ ನಿಲ್ಲದೆ ಮುಂದೆ ಮುಂದೆ ನುಗ್ಗುತ್ತಿದ್ದರೆ ಆಟ ಅಲ್ಲ, ತಪ್ಪಿಸಿಕೊಳ್ಳಲು ನೋಡುತ್ತಿದೆ. ಕೆಟ್ಟ ವಾಸನೆಯ ದ್ರವ ಬಿಟ್ಟರೆ, ಕೈಮೇಲೆ ಗಲೀಜು ಮಾಡಿದರೆ, ಭಯ ತುಂಬಾ ಮೇಲೆ ಹೋಗಿದೆ. ಇವುಗಳಲ್ಲಿ ಯಾವುದು ಕಂಡರೂ ಆ ದಿನಕ್ಕೆ ಸಾಕು ಅಂತ ತಿಳಿಯಿರಿ.

ಇನ್ನೊಂದು ಬೇರೆ ಜಾತಿಯ ಕಚ್ಚುವಿಕೆ ಇದೆ, ಅದನ್ನು ಭಯದ ಜೊತೆ ಬೆರೆಸಬೇಡಿ. ಬಾಲ್ ಪೈಥಾನಿನ ಮೇಲ್ದುಟಿಯ ಅಂಚಿನಲ್ಲಿ ಸಣ್ಣ ಗುಳಿಗಳಿವೆ. ಅವು ಬಿಸಿಯನ್ನು ಗುರುತಿಸುತ್ತವೆ. ಕತ್ತಲಲ್ಲಿ ಇಲಿಯ ಮೈಬಿಸಿಯನ್ನು ಹಾವು ಇದರಿಂದಲೇ ಕಾಣುತ್ತದೆ. ಸಂಜೆಯ ಹೊತ್ತು, ಹಾವು ಎಚ್ಚರವಾಗಿ ಹೊಂಚಿನಲ್ಲಿ ಇರುವಾಗ, ಇಲಿ ಮುಟ್ಟಿದ ವಾಸನೆಯ ಬಿಸಿ ಕೈ ಒಳಗೆ ಬಂದರೆ ಅದು ಊಟ ಅಂದುಕೊಳ್ಳಬಹುದು. ಆಗ ಬುಸುಗುಡುವುದಿಲ್ಲ. ಸದ್ದಿಲ್ಲದೆ ಎಗರಿ ಕಚ್ಚಿ ಸುತ್ತಿಕೊಳ್ಳುತ್ತದೆ, ಬಿಡುವುದೂ ಇಲ್ಲ. ನಿಮ್ಮ ಮಗನಿಗೆ ಆದದ್ದು ಇದಲ್ಲ. ಮೊದಲು ಬುಸುಗುಟ್ಟಿ, ಹಲ್ಲು ತಾಗಿಸಿ, ಹಿಂದೆ ಸರಿದಿದೆ. ಒಂದು ವೇಳೆ ಯಾವತ್ತಾದರೂ ಕಚ್ಚಿ ಹಿಡಿದರೆ ಕೈಯನ್ನು ಕಿತ್ತುಕೊಳ್ಳಬೇಡಿ. ಹಲ್ಲುಗಳು ಒಳಮುಖವಾಗಿ ಬಾಗಿವೆ. ಎಳೆದರೆ ನಿಮ್ಮ ಚರ್ಮವೂ ಹರಿಯುತ್ತದೆ, ಅದರ ಹಲ್ಲೂ ಮುರಿಯುತ್ತದೆ. ಬಾಯಿಯ ಮೇಲೆ ತಣ್ಣೀರು ಬಿಡಿ, ತಾನೇ ಬಿಡುತ್ತದೆ. ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಟಿಟಿ ಇಂಜೆಕ್ಷನ್ ಹಾಕಿಸಿ ಎಷ್ಟು ಕಾಲ ಆಯಿತು ಅಂತ ಡಾಕ್ಟರನ್ನು ಕೇಳಿ. ಕೆಂಪಾಗಿ ಊದಿದರೆ ತೋರಿಸಿ.

ನಿಮ್ಮ ಪತ್ರದಲ್ಲಿ ನನಗೆ ಹಾವಿನ ವರ್ತನೆಗಿಂತ ಜಾಸ್ತಿ ಕಣ್ಣಿಗೆ ಬಿದ್ದದ್ದು ಅದರ ಮನೆ. ಕೈಯಲ್ಲಿ ಹಾವು ಹೇಗಿರುತ್ತದೆ ಅನ್ನುವುದರ ಅರ್ಧಕ್ಕಿಂತ ಜಾಸ್ತಿ ತೊಟ್ಟಿಯೊಳಗೆ ತೀರ್ಮಾನ ಆಗಿರುತ್ತದೆ. 23 ಗಂಟೆ ಆತಂಕದಲ್ಲಿ ಕೂತ ಹಾವು 24ನೇ ಗಂಟೆಯಲ್ಲಿ ನಿರಾಳವಾಗಿ ಇರಲಾರದು. ನಾಲ್ಕೂ ಕಡೆ ಗಾಜು. ಎಲ್ಲ ಕಡೆಯಿಂದ ಜನ ಓಡಾಡುವುದು ಕಾಣುತ್ತದೆ. ಪಕ್ಕದಲ್ಲಿ ಟಿವಿ. ಹಾವಿಗೆ ಹೊರಗಿವಿ ಇಲ್ಲ, ಆದರೆ ಅದು ಕಿವುಡಲ್ಲ. ದವಡೆಯ ಮೂಳೆಯ ಮೂಲಕ ಅದುರು ಒಳಗಿವಿಗೆ ಮುಟ್ಟುತ್ತದೆ. ಗಾಳಿಯಲ್ಲಿ ಬರುವ ಕೆಳಸ್ಥಾಯಿಯ ಸದ್ದೂ ಕೇಳುತ್ತದೆ. ಗೇಮಿನ ಗುಡುಗು ಸದ್ದು ಅದರ ನೆಲವನ್ನೇ ಅದುರಿಸುತ್ತಿದೆ.

ಮೂರು ಬದಿಯ ಗಾಜನ್ನು ಹೊರಗಿನಿಂದ ದಪ್ಪ ಕಾಗದದಲ್ಲಿ ಮುಚ್ಚಿ. ತೊಟ್ಟಿಯನ್ನು ಟಿವಿಯಿಂದ ದೂರ, ಓಡಾಟ ಕಡಿಮೆ ಇರುವ ಕಡೆಗೆ ಸರಿಸಿ. ಗೂಡು ಒಂದಲ್ಲ, ಎರಡು ಬೇಕು. ಒಂದು ಬೆಚ್ಚಗಿನ ಬದಿಯಲ್ಲಿ, ಒಂದು ತಂಪಿನ ಬದಿಯಲ್ಲಿ. ಒಂದೇ ಇದ್ದರೆ ಅಡಗಿಕೊಳ್ಳುವುದೋ ಮೈ ಬಿಸಿ ಮಾಡಿಕೊಳ್ಳುವುದೋ ಅಂತ ಹಾವು ಆರಿಸಬೇಕಾಗುತ್ತದೆ. ಗೂಡು ದೊಡ್ಡದಿರಬಾರದು. ಒಳಗೆ ಸುರುಳಿ ಸುತ್ತಿದಾಗ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಬೇಕು. ಬೆಚ್ಚಗಿನ ಬದಿಯಲ್ಲಿ 88ರಿಂದ 92 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಅಂದರೆ ಸುಮಾರು 31ರಿಂದ 33 ಸೆಲ್ಸಿಯಸ್. ತಂಪಿನ ಬದಿಯಲ್ಲಿ 77ರಿಂದ 80 ಫ್ಯಾರನ್‌ಹೀಟ್. ಗಾಳಿಯ ತೇವ ಶೇ 55ಕ್ಕಿಂತ ಕೆಳಗೆ ಹೋಗದಿರಲಿ. ಚಳಿಗಾಲದಲ್ಲಿ ಹೀಟರ್ ಹಾಕಿದ ಅಮೆರಿಕದ ಮನೆಗಳಲ್ಲಿ ಗಾಳಿ ತುಂಬಾ ಒಣಗುತ್ತದೆ, ಇದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಲ್ಯಾಂಪಿಗೆ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕಡ್ಡಾಯ. ಹಾವು ಸುಡುತ್ತಿರುವ ಜಾಗದಿಂದ ಬೇಗ ಸರಿಯುವುದಿಲ್ಲ. ಹೊಟ್ಟೆಯ ಚರ್ಮ ಬೆಂದುಹೋದ ಹಾವುಗಳನ್ನು ನಾನು ನೋಡಿದ್ದೇನೆ. ಮನೆಯವರು ನಿರ್ಲಕ್ಷ್ಯ ಮಾಡಿದವರಲ್ಲ, ಬಿಸಿ ಇಷ್ಟ ಅಂತ ಅಲ್ಲಿ ಕೂತಿದೆ ಅಂದುಕೊಂಡವರು.

ಐದು ವಾರ ಊಟ ಬಿಟ್ಟದ್ದಕ್ಕೆ ಗಾಬರಿ ಬೇಡ. ಬಾಲ್ ಪೈಥಾನ್ ಚಳಿಗಾಲದಲ್ಲಿ ಊಟ ಬಿಡುವುದು ಹೊಸದೇನಲ್ಲ. ದೊಡ್ಡ ಹಾವುಗಳು ತಿಂಗಳುಗಟ್ಟಲೆ ಬಿಡುತ್ತವೆ. ನಿಮ್ಮದು ಇನ್ನೂ ಎಳೆಯದು, ಆದ್ದರಿಂದ ತೂಕದ ಮೇಲೆ ಕಣ್ಣಿಡಿ. ವಾರಕ್ಕೊಮ್ಮೆ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಡಬ್ಬಿ ಸಮೇತ ತೂಗಿ ಬರೆದಿಡಿ. ಮೊದಲಿನ ತೂಕಕ್ಕಿಂತ ಹತ್ತನೇ ಒಂದು ಭಾಗ ಇಳಿದರೆ ವೈದ್ಯರ ಬಳಿ ಹೋಗಿ. ಜೀವಂತ ಇಲಿ ಬಿಡುವ ಯೋಚನೆ ಬೇಡವೇ ಬೇಡ. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಮೂಳೆ ಕಾಣುವಷ್ಟು ಗಾಯ ಮಾಡುತ್ತದೆ. ಫ್ರೋಜನ್ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಉದ್ದ ಚಿಮ್ಮಟದಲ್ಲಿ ಹಿಡಿದು ಕೊಡಿ. ಊಟಕ್ಕೆ ಬೇರೆ ಡಬ್ಬಿಗೆ ಹಾಕಬೇಕು, ಇಲ್ಲದಿದ್ದರೆ ತೊಟ್ಟಿಯಲ್ಲಿ ಕೈ ಕಂಡಾಗಲೆಲ್ಲ ಕಚ್ಚುತ್ತದೆ ಅನ್ನುವ ಮಾತಿದೆ. ನನ್ನ ಅನುಭವದಲ್ಲಿ ಇದು ಉಲ್ಟಾ. ಊಟದ ಮುಂಚೆ ಎತ್ತಿ ಸಾಗಿಸಿದರೆ ನಾಚುವ ಹಾವು ತಿನ್ನುವುದನ್ನೇ ಬಿಡುತ್ತದೆ. ತಿಂದ ಮೇಲೆ ಎತ್ತಿದರೆ ವಾಂತಿ ಮಾಡಿಕೊಳ್ಳುತ್ತದೆ.

ಮುಟ್ಟುವ ವಿಷಯಕ್ಕೆ ಬರುತ್ತೇನೆ. ಎರಡು ವಾರ ಪೂರ್ತಿ ಬಿಡುವು ಕೊಡಿ. ನೀರು ಬದಲಿಸುವುದು, ಗಲೀಜು ತೆಗೆಯುವುದು, ಅಷ್ಟೇ. ಮಗನಿಗೆ ಇದು ಕಷ್ಟವಾಗುತ್ತದೆ, ಗೊತ್ತು. ಒಂದು ವಾರ ಕಳೆದ ಮೇಲೆ ಊಟ ಇಟ್ಟು ನೋಡಿ. ಸತತ ಎರಡು ಊಟ ತಿಂದ ಮೇಲೆ ಮಾತ್ರ ಮತ್ತೆ ಎತ್ತಲು ಶುರು ಮಾಡಿ. ವಾರಕ್ಕೆ ಎರಡು ಸಲ, ಐದೈದು ನಿಮಿಷ. ಊಟ ಆದ 48 ಗಂಟೆಯೊಳಗೆ ಬೇಡ. ಪೊರೆ ಬಿಡುವ ಮುಂಚೆ ಕಣ್ಣು ನೀಲಿಯಾಗಿ ಮಂಜಾಗುತ್ತದೆ, ಆ ದಿನಗಳಲ್ಲೂ ಬೇಡ. ಆಗ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಯಾರು ಮುಟ್ಟಿದರೂ ಬೆಚ್ಚುತ್ತದೆ.

ಎತ್ತುವ ಮೊದಲು ಕೈ ತೊಳೆಯಿರಿ. ಮೇಲಿಂದ ಕೈ ಇಳಿಸಬೇಡಿ. ಹದ್ದು ಬರುವುದೂ ಮೇಲಿಂದಲೇ. ಪಕ್ಕದಿಂದ ಹೋಗಿ, ಸುತ್ತಿದ ಕಾಗದದ ಕೊಳವೆಯಿಂದ ಮೈ ನಡುವೆ ಮೆಲ್ಲಗೆ ತಾಗಿಸಿ. ಇದು ಊಟದ ಹೊತ್ತಲ್ಲ ಅಂತ ಅದಕ್ಕೆ ತಿಳಿಯುತ್ತದೆ. ಗೂಡಿನೊಳಗಿಂದ ಕೈ ಹಾಕಿ ಎಳೆಯಬೇಡಿ, ಗೂಡನ್ನೇ ಎತ್ತಿ ಪಕ್ಕಕ್ಕಿಡಿ. ಎರಡೂ ಕೈಯಿಂದ ಮೈಯ ನಡುಭಾಗಕ್ಕೆ ಆಧಾರ ಕೊಟ್ಟು ಎತ್ತಿ. ತಲೆ ಹಿಡಿಯಬೇಡಿ. ನೆಲದ ಮೇಲೆ ಕೂತು ಹಿಡಿದರೆ ಬಿದ್ದರೂ ಪೆಟ್ಟಾಗದು. ಕೈಗಳು ಅದಕ್ಕೆ ಕೊಂಬೆಗಳಾಗಿರಲಿ, ಅದು ಹೋದ ಕಡೆ ಮುಂದಿನ ಕೈ ಚಾಚಿ. ಗೇಮು, ಫೋನು ದೂರ ಇರಲಿ. ಕುತ್ತಿಗೆಗೆ ಹಾಕುವುದನ್ನು ಇವತ್ತೇ ನಿಲ್ಲಿಸಿ. ಎರಡೂವರೆ ಅಡಿಯ ಹಾವಿನಿಂದ ಈಗ ಅಪಾಯ ಇಲ್ಲದಿರಬಹುದು. ಆದರೆ ಅದು ಬೆಳೆಯುತ್ತದೆ, ಹುಡುಗನ ಅಭ್ಯಾಸವೂ ಅದರ ಜೊತೆ ಬೆಳೆಯುತ್ತದೆ. ಯಾವ ಹಾವನ್ನೂ, ಎಷ್ಟೇ ಸಾಧುವಾಗಿದ್ದರೂ, ಮಗು ಒಬ್ಬನೇ ಕುತ್ತಿಗೆಗೆ ಸುತ್ತಿಕೊಳ್ಳಬಾರದು.

ಬುಸುಗುಟ್ಟಿದರೆ ಏನು ಮಾಡಬೇಕು? ಇಲ್ಲಿ ಸಾಕುವವರಲ್ಲೇ ಎರಡು ಮಾತಿದೆ. ‘ಬಿಡಬೇಡಿ, ಹಿಡಿದೇ ಇರಿ, ಸೋತು ಸುಮ್ಮನಾಗುತ್ತದೆ’ ಅಂತ ಕೆಲವರು ಹೇಳುತ್ತಾರೆ. ಅದು ಸುಮ್ಮನಾಗುತ್ತದೆ, ನಿಜ. ಆದರೆ ಮತ್ತೆ ಆ ಮರಗಟ್ಟಿದ ಸ್ಥಿತಿಗೇ ಹೋಗುತ್ತದೆ. ಊಟ ಬಿಡುವುದು, ರೋಗ ಹತ್ತುವುದು ಆಮೇಲೆ ಬರುತ್ತವೆ. ನಾನು ಹೇಳುವುದು ಇಷ್ಟು. ಕೈಯನ್ನು ತಟ್ಟನೆ ಕಿತ್ತುಕೊಳ್ಳಬೇಡಿ, ಮುಂದಕ್ಕೂ ಒಯ್ಯಬೇಡಿ. ಇದ್ದಲ್ಲೇ ಇಡಿ. ಉಸಿರು ಇಳಿದು ನಾಲಿಗೆ ಮತ್ತೆ ಹೊರಬಂದರೆ ಮುಂದುವರಿಸಿ. ಬರದಿದ್ದರೆ ನಿಧಾನವಾಗಿ ಹಿಂದೆ ತೆಗೆದು ಮುಚ್ಚಳ ಮುಚ್ಚಿ. ಇದಕ್ಕೆ ವಾರಗಳು ಹಿಡಿಯಬಹುದು. ಕೆಲವು ಹಾವುಗಳು ಯಾವತ್ತಿಗೂ ಮುಟ್ಟಿಸಿಕೊಳ್ಳಲು ಒಪ್ಪುವುದಿಲ್ಲ. ಅಂಥದ್ದನ್ನು ಕೈಗೆ ತೆಗೆದುಕೊಳ್ಳದೆ, ನೋಡಿಕೊಂಡು ಸಾಕುವುದು ಪೂರ್ತಿ ಗೌರವದ ದಾರಿ. ಒಳ್ಳೆಯ ಬೆಳಕಿನಲ್ಲಿ ಅದು ಪೊರೆ ಬಿಡುವುದನ್ನು ನೋಡಿದ ಹುಡುಗ ಏನನ್ನೂ ಕಳೆದುಕೊಂಡಿರುವುದಿಲ್ಲ.

ಈ ವರ್ತನೆಯ ಹಿಂದೆ ರೋಗವೂ ಇರಬಹುದು, ಆದ್ದರಿಂದ ಒಂದು ಸಲ ತಪಾಸಣೆ ಮಾಡಿಸಿ. ನೋವಿರುವ ಹಾವು ಮುಟ್ಟಿಸಿಕೊಳ್ಳುವುದಿಲ್ಲ. ಸಾಸಿವೆಗಿಂತ ಚಿಕ್ಕ ಕಪ್ಪು ಉಣ್ಣೆಹುಳುಗಳು ಗಲ್ಲದ ಕೆಳಗೆ, ಕಣ್ಣಿನ ಅಂಚಿನಲ್ಲಿ ಸೇರಿರಬಹುದು. ಅಂಥ ಹಾವು ನೀರಿನ ಬೋಗುಣಿಯಲ್ಲೇ ದಿನಗಟ್ಟಲೆ ಕೂತಿರುತ್ತದೆ. ಹಳೆಯ ಪೊರೆಯ ಚೂರು ಕಣ್ಣಿನ ಮೇಲೆ ಉಳಿದಿದ್ದರೆ ಉಗುರಿನಿಂದ ಕೀಳಬೇಡಿ, ಕಣ್ಣೇ ಹೋದೀತು. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಉಸಿರಿಗೆ ಶಿಳ್ಳೆಯಂಥ ಸದ್ದು, ತಲೆಯನ್ನು ಆಕಾಶಕ್ಕೆ ಎತ್ತಿ ಹಿಡಿಯುವುದು, ಒಸಡು ಕೆಂಪಾಗಿ ಕೀವಾಗುವುದು, ಇವುಗಳಿಗೆ ಅದೇ ವಾರ ವೈದ್ಯರು ಬೇಕು. ತಲೆ ಸದಾ ನಡುಗಿ ಸ್ಕ್ರೂನಂತೆ ತಿರುಚಿಕೊಳ್ಳುತ್ತಿದ್ದರೆ ಅದರ ಬಣ್ಣದ ತಳಿ ಯಾವುದು ಅಂತ ಮಾರಿದವರನ್ನು ಕೇಳಿ. ‘ಸ್ಪೈಡರ್’ ಅನ್ನುವ ತಳಿಯಲ್ಲಿ ಒಳಗಿವಿಯ ದೋಷ ಹುಟ್ಟಿನಿಂದಲೇ ಬರುತ್ತದೆ. ಚೆಂದದ ಮೈಬಣ್ಣಕ್ಕಾಗಿ ಆ ತಳಿಯನ್ನು ಬೆಳೆಸುತ್ತಲೇ ಇರುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲ ಪಶುವೈದ್ಯರೂ ಹಾವು ನೋಡುವುದಿಲ್ಲ. ಅಮೆರಿಕದಲ್ಲಿ ಸರೀಸೃಪ ಮತ್ತು ಉಭಯಚರ ವೈದ್ಯರ ಸಂಘ ಇದೆ, ಹತ್ತಿರದ ವೈದ್ಯರ ಪಟ್ಟಿ ಅವರಲ್ಲಿ ಸಿಗುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಒಂದೇ ಸಾಲು, 3 ವರ್ಷದ ಮಗಳದ್ದು. ಅವಳಿಗೆ ಅಪಾಯ ಇರುವುದು ಹಾವಿನ ಹಲ್ಲಿನಿಂದಲ್ಲ, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದಿಂದ. ಆರೋಗ್ಯವಾಗಿ ಕಾಣುವ ಹಾವಿನ ಮೈಮೇಲೂ, ಮಲದಲ್ಲೂ ಇದು ಇರುತ್ತದೆ. ದೊಡ್ಡವರಿಗೆ ಭೇದಿ, ಜ್ವರ ಬಂದು ಹೋಗಬಹುದು. ಚಿಕ್ಕ ಮಕ್ಕಳಲ್ಲಿ ರಕ್ತಕ್ಕೆ ಸೇರಿ ಆಸ್ಪತ್ರೆಗೆ ಸೇರಿಸುವ ಹಾಗಾಗಬಹುದು. 5 ವರ್ಷದೊಳಗಿನ ಮಕ್ಕಳಿರುವ ಮನೆಗೆ ಸರೀಸೃಪ ಬೇಡ ಅನ್ನುವುದೇ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಸಲಹೆ. 65 ದಾಟಿದವರಿಗೂ ಅಪಾಯ ಜಾಸ್ತಿ, ಅತ್ತೆಯವರ ವಯಸ್ಸು ನೋಡಿಕೊಳ್ಳಿ. ನೀವು ಮೊದಲೇ ಕೇಳಿದ್ದರೆ ಇನ್ನೆರಡು ವರ್ಷ ಕಾಯಿರಿ ಅನ್ನುತ್ತಿದ್ದೆ. ಈಗ ಇಟ್ಟುಕೊಳ್ಳುವುದಾದರೆ ರೂಮಿಗೆ ಚಿಲಕ, ತೊಟ್ಟಿಗೆ ಬೀಗ ಬೇಕು. ಮಗಳು ಹಾವನ್ನೂ ಮುಟ್ಟಬಾರದು, ತೊಟ್ಟಿಯನ್ನೂ ಮುಟ್ಟಬಾರದು. ಮಗ ಹಾವು ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆದು, ಅಂಗಿ ಬದಲಿಸಿ ಆಮೇಲೆ ತಂಗಿಯ ಹತ್ತಿರ ಹೋಗಲಿ. ಬೋಗುಣಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಇಲಿ ಕರಗಿಸಲು ಬೇರೆ ಪಾತ್ರೆ ಇಡಿ, ಮೈಕ್ರೋವೇವ್ ಬೇಡ. ಇಷ್ಟೂ ಪ್ರತಿದಿನ ನಡೆಯುತ್ತದೆ ಅನ್ನುವ ಭರವಸೆ ನಿಮಗಿಲ್ಲದಿದ್ದರೆ ಹಾವನ್ನು ಬೇರೆ ಮನೆಗೆ ಕೊಡುವುದೇ ಸರಿ. ಅದರಲ್ಲಿ ಸೋಲು ಏನೂ ಇಲ್ಲ.

ಕೊಡುವುದಾದರೆ ಸರೀಸೃಪಗಳ ರೆಸ್ಕ್ಯೂ ಕೇಂದ್ರಕ್ಕೆ ಅಥವಾ ಅನುಭವ ಇರುವ ಸಾಕಣೆದಾರರಿಗೆ ಕೊಡಿ. ತೂಕದ, ಊಟದ ಪೂರ್ತಿ ವಿವರ ಜೊತೆಗೆ ಹೋಗಲಿ. ಊಟ ಬಿಟ್ಟ ಹಾವಿಗೆ ಮನೆ ಬದಲಾವಣೆ ಇನ್ನೊಂದು ಪೆಟ್ಟು, ಅದು ಇನ್ನಷ್ಟು ವಾರ ತಿನ್ನದೇ ಇರಬಹುದು ಅಂತ ಅವರಿಗೆ ಹೇಳಿ. ಕಾಡಿಗೆ ಬಿಡುವ ಮಾತು ಮಾತ್ರ ಬೇಡ. ಆಫ್ರಿಕಾದ ಹಾವು ಉತ್ತರ ಟೆಕ್ಸಾಸಿನ ಹಿಮಗಟ್ಟುವ ರಾತ್ರಿಯಲ್ಲಿ ಬದುಕುವುದಿಲ್ಲ. ಬದುಕುವಂಥ ಬಿಸಿ ಊರಾದರೆ ಇನ್ನೂ ಕೆಡುಕು. ಫ್ಲೋರಿಡಾದ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಸಾಕುವವರ ಕೈಯಿಂದ ಹೊರಬಿದ್ದ ಬರ್ಮಾ ಹೆಬ್ಬಾವುಗಳು ಮೊಟ್ಟೆಯಿಟ್ಟು ಮರಿಮಾಡಿ ಹರಡಿವೆ. ಅಲ್ಲಿನ ಸಣ್ಣ ಪ್ರಾಣಿಗಳು ಕಾಣೆಯಾಗುತ್ತಿವೆ. ನಾಗರಕಲ್ಲಿಗೆ ಪೂಜೆ ಮಾಡುವ ಮನೆಯ ಹಿರಿಯರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಹಾವನ್ನು ಅದರ ಜಾಗದಲ್ಲಿ ಬಿಡಬೇಕು ಅನ್ನುವುದು ಅವರಿಗೆ ಗೊತ್ತಿದೆ. ಇದರ ಜಾಗ ಅಲ್ಲಿಲ್ಲ, ಅಷ್ಟೇ ಹೇಳಬೇಕಾದದ್ದು.

ಇದನ್ನು ಊರಿನಲ್ಲಿ ಓದುತ್ತಿರುವವರಿಗೂ ಒಂದು ಮಾತು. ಮೇಲೆ ಹೇಳಿದ್ದೆಲ್ಲ ವಿಷವಿಲ್ಲದ, ಸಾಕಣೆಯಲ್ಲೇ ಹುಟ್ಟಿದ ಹಾವಿಗೆ. ಹಿತ್ತಲಿಗೆ ಬಂದ ಹಾವಿನ ಮೇಲೆ ಇದನ್ನು ಪ್ರಯೋಗ ಮಾಡಬೇಡಿ. ಮಂಡಲದ ಹಾವನ್ನು ಹೆಬ್ಬಾವಿನ ಮರಿ ಅಂತ ಮುಟ್ಟಿ ಪ್ರಾಣಕ್ಕೆ ತಂದುಕೊಂಡವರಿದ್ದಾರೆ. ದೂರ ನಿಂತು ಅರಣ್ಯ ಇಲಾಖೆಗೆ ಅಥವಾ ಹಾವು ಹಿಡಿಯುವುದನ್ನು ಕಲಿತವರಿಗೆ ಫೋನ್ ಮಾಡಿ. ನಮ್ಮ ದೇಶದ ಹೆಬ್ಬಾವು, ಮಣ್ಣುಮುಕ್ಕ, ಕೇರೆ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ ಹೊರದೇಶದ ಹಾವು ಸಾಕುವವರು 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು.

ಕೊನೆಗೆ ನಿಮ್ಮ ಮಗನ ವಿಷಯ. ಬಾಲ್ ಪೈಥಾನ್ ಚೆನ್ನಾಗಿ ನೋಡಿಕೊಂಡರೆ 20, 30 ವರ್ಷ ಬದುಕುತ್ತದೆ. ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಒಂದು ಹೆಣ್ಣು 2020ರಲ್ಲೂ ಮೊಟ್ಟೆ ಇಟ್ಟಿತು. ಅಂದರೆ ಇದು ಅವನು ಕಾಲೇಜು ಮುಗಿಸಿದ ಮೇಲೂ ಇರುವ ಪ್ರಾಣಿ. ‘ಅದಕ್ಕೆ ನೀನು ಇಷ್ಟ ಇಲ್ಲ’ ಅಂತ ಹೇಳಿ ಅವನ ಮನಸ್ಸು ಮುರಿಯಬೇಡಿ. ಹಾವಿನಿಂದ ನಾಯಿಯ ಪ್ರೀತಿ ಸಿಗದು, ಆದರೆ ನಿನ್ನ ಕೈ ಅಂದರೆ ಭಯ ಇಲ್ಲ ಅನ್ನುವ ಮಟ್ಟಕ್ಕೆ ಅದನ್ನು ತರಬಹುದು, ಅದು ನಿನ್ನ ಕೈಯಲ್ಲಿದೆ ಅಂತ ಹೇಳಿ. ಒಂದು ನೋಟ್‌ಬುಕ್ ಕೊಡಿ. ದಿನಾಂಕ, ಎರಡೂ ಬದಿಯ ಬಿಸಿ, ತೇವ, ತೂಕ, ಊಟ, ಪೊರೆ, ಹಾವು ರಾತ್ರಿ ಯಾವ ಗೂಡಿನಲ್ಲಿತ್ತು, ಮುಚ್ಚಳ ತೆಗೆದಾಗ ನಾಲಿಗೆ ಬಂತೋ ಬುಸುಗುಟ್ಟಿತೋ, ಎಲ್ಲವನ್ನೂ ಅವನೇ ಬರೆಯಲಿ. ತಪಾಸಣೆಗೆ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ. ವೈದ್ಯರು ಮೊದಲು ಕೇಳುವುದು ಅದರಲ್ಲಿರುವ ವಿಷಯಗಳನ್ನೇ.